ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮತ್ತು ಮೊಬೈಲ್ ಫೋಟೋ

ಸಕ್ಕರೆ ಕಾಯಿಲೆ ಹಳೆಯದಾದಂತೆ ಅನೇಕರ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ತಿಳಿಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದು, ಕೊನೆಗೆ ಬೆರಳು ಅಥವಾ ಕಾಲನ್ನೇ ತೆಗೆಸಿಕೊಳ್ಳಬೇಕಾದವರು ಇದ್ದಾರೆ.

ಹುಣ್ಣನ್ನು ಮೊದಲ ಸಲ ವೈದ್ಯರಿಗೆ ಎದುರಿಗೇ ತೋರಿಸಬೇಕು. ಆಳ, ವಾಸನೆ, ಪಾದದ ಬಿಸಿ, ನಾಡಿಬಡಿತ ಯಾವುದೂ ಫೋಟೋದಲ್ಲಿ ಬರುವುದಿಲ್ಲ. ಆಮೇಲೆ ವೈದ್ಯರು ಒಪ್ಪಿದರೆ, ಜೋಯಿಡಾದ ಕಾಡಿನ ಊರಿನಿಂದಲೋ ಮುಂಡಗೋಡದ ಹಳ್ಳಿಯಿಂದಲೋ ಕೂಲಿ ಬಿಟ್ಟು ಬರುವ ಬದಲು, ನಡುವಿನ ಕೆಲವು ತಪಾಸಣೆಗೆ ಫೋಟೋ ಸಾಕಾಗಬಹುದು. 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ಬಂದ ದೂರವೈದ್ಯಕೀಯ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಟ್ಟಿದೆ. ಸರಕಾರದ ಇ-ಸಂಜೀವಿನಿಯಲ್ಲೂ ಅದೇ ವರ್ಷದ ಏಪ್ರಿಲ್‌ನಿಂದ ಮನೆಯಿಂದಲೇ ವೈದ್ಯರೊಡನೆ ಮಾತನಾಡುವ ವ್ಯವಸ್ಥೆ ಬಂದಿತು.

ಫೋಟೋವನ್ನು ಜೊತೆಗಿರುವವರು ತೆಗೆಯಲಿ. ಡ್ರೆಸಿಂಗ್ ಬಿಚ್ಚಿ, ಹೇಳಿಕೊಟ್ಟಂತೆ ಶುಚಿ ಮಾಡಿ, ಔಷಧ ಹಚ್ಚುವ ಮುಂಚೆ, ಹಗಲು ಬೆಳಕಿನಲ್ಲಿ ತೆಗೆಯಿರಿ. ಹುಣ್ಣಿನ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಸೆಂಟಿಮೀಟರ್ ಪಟ್ಟಿ ಇಡಿ. ಒಂದು ರೂಪಾಯಿ ನಾಣ್ಯ ಇಡುವವರೂ ಇದ್ದಾರೆ; ಹಳೆಯದು ದೊಡ್ಡದು, ಹೊಸದು ಚಿಕ್ಕದು, ಹುಣ್ಣು ಕುಗ್ಗಿತೋ ಹಿಗ್ಗಿತೋ ತಿಳಿಯದೆ ವೈದ್ಯರಿಗೆ ಗೊಂದಲವಾಗುತ್ತದೆ. ಪ್ರತಿ ಸಲವೂ ಅದೇ ದೂರ, ಅದೇ ಕೋನ ಇರಲಿ. ಇಡೀ ಪಾದದ್ದೊಂದು, ಹುಣ್ಣಿನದೊಂದು. ಮುಖ ಅಂದಗಾಣಿಸುವ ಫಿಲ್ಟರ್ ಮಾತ್ರ ಬೇಡ, ಅದು ಕೆಂಪನ್ನೇ ಮರೆಮಾಡುತ್ತದೆ.

ಹೀಗೆ ಸಾಲಾಗಿ ಫೋಟೋ ಇದ್ದರೆ ಹೋಲಿಸಿ ನೋಡಬಹುದು. ನಾಲ್ಕು ವಾರದಲ್ಲಿ ಹುಣ್ಣು ಸುಮಾರು ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಹುಣ್ಣಿನ ಮೇಲೆ ಭಾರ ಹಾಕಿ ಓಡಾಡುತ್ತಿದ್ದರೆ ಎಷ್ಟು ಫೋಟೋ ಕಳಿಸಿದರೂ ಅದು ಮಾಯುವುದಿಲ್ಲ.

ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಇದ್ದರೆ ಫೋಟೋ ಇನ್ನೂ ತಲುಪಿಲ್ಲ. ಎರಡು ಬಂದರೂ ವೈದ್ಯರು ನೋಡಿದ್ದಾರೆಂದು ಅರ್ಥವಲ್ಲ, ಫೋನ್ ಮಾಡಿ ಕೇಳಿ.

ಚರ್ಮ ಕಪ್ಪಾದರೆ, ಕೀವು ಅಥವಾ ದುರ್ವಾಸನೆ ಬಂದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಚಳಿಜ್ವರ ಬಂದರೆ ಫೋಟೋ ತೆಗೆಯುತ್ತ ಕೂರಬೇಡಿ. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೊರಡಿ, ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಹಳೆಯ ಫೋಟೋಗಳಿರುವ ಮೊಬೈಲ್ ಮತ್ತು ಔಷಧ ಚೀಟಿ ಜೊತೆಗಿರಲಿ.