ಸ್ಪರ್ಧೆಯ ದಿನದ ಹೊಟ್ಟೆನೋವು

ಕ್ರೀಡಾಕೂಟದ ದಿನ ಬೆಳಗ್ಗೆ ನಿಮ್ಮ ಮಗ ನಾಲ್ಕು ಬಾರಿ ಶೌಚಾಲಯಕ್ಕೆ ಹೋಗುತ್ತಾನೆ. ನಾಷ್ಟಾ ಮುಟ್ಟುವುದಿಲ್ಲ. ಅಂಗೈ ತಣ್ಣಗಿರುತ್ತದೆ. ರಾತ್ರಿ ತಿಂದದ್ದು ಆಗಿಬರಲಿಲ್ಲವೆಂದು ನೀವು ಔಷಧಿ ಡಬ್ಬಿ ತೆರೆಯುತ್ತೀರಿ. ತುಸು ತಾಳಿ.

ಅಪಾಯ ಎದುರಾದಾಗ ದೇಹವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸ್ಪರ್ಧೆಯನ್ನೂ ಅದು ಅಪಾಯವೆಂದೇ ಲೆಕ್ಕ ಹಾಕುತ್ತದೆ. ಎದೆಬಡಿತ ಏರುತ್ತದೆ, ಹೊಟ್ಟೆ ಮತ್ತು ಚರ್ಮದ ಕಡೆಗಿದ್ದ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಕೈ ತಣ್ಣಗಾಗುವುದು, ಹೊಟ್ಟೆ ತೊಳಸುವುದು ಇದರಿಂದಲೇ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಬಿಲ್ ರಸೆಲ್ ದೊಡ್ಡ ಪಂದ್ಯಗಳ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು. ಅವರು ಗೆದ್ದ ಎನ್‌ಬಿಎ ಪ್ರಶಸ್ತಿಗಳು 11.

ಈ ಲಕ್ಷಣಗಳು ಆಟ ಶುರುವಾಗುವ ಹೊತ್ತಿಗೆ ಹೆಚ್ಚಾಗಿ, ಶುರುವಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತವೆ. ಮನಸ್ಸಿನ ಚಿಂತೆ ಹಾಗಲ್ಲ. "ಸೋತರೆ ಅಬ್ಬಾ ಏನನ್ನುತ್ತಾರೆ?" ಎಂಬುದು ಎಷ್ಟೋ ದಿನ ಮೊದಲೇ ಕೊರೆಯತೊಡಗುತ್ತದೆ. ಆಟ ಕೆಡಿಸುವುದು ಹೆಚ್ಚಾಗಿ ಇದೇ, ಮತ್ತು ಅದನ್ನು ಬಿತ್ತುವವರು ಹಲವು ಸಲ ನಾವೇ. "ತವಕ್ಕುಲ್ ಇಲ್ಲವೇ ನಿನಗೆ?" ಎಂದು ಗದರುವ ಹಿರಿಯರೂ ಇದ್ದಾರೆ. ಮಗುವಿನ ಕೈ ನಡುಗಿದರೆ ಈಮಾನ್ ಕಡಿಮೆಯಾಯಿತೆಂದಲ್ಲ. ಜೊತೆಗೆ ಕೂತು ದುಆ ಮಾಡಿ, ಅಷ್ಟು ಸಾಕು.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಗಾಳಿ, ಅನ್ನ-ನೀರು, ನಿದ್ರೆಯ ಸಾಲಿನಲ್ಲೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ನಮ್ಮ ಹಕೀಮರು ಎಣಿಸಿದ್ದಾರೆ. ಆದರೂ ಖಮೀರಾ ಗಾವಝಬಾನ್ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು: ಹಿಂದೆಂದೂ ತಿನ್ನದ ಯಾವುದನ್ನೂ ಸ್ಪರ್ಧೆಯ ದಿನ ಕೊಡಬೇಡಿ.

ಬೇರೆಯವರಿಗೆ ಬರೆದುಕೊಟ್ಟ ಪ್ರೊಪ್ರನೊಲೊಲ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಅದು ಎದೆಬಡಿತ ಮತ್ತು ನಡುಕವನ್ನು ತಗ್ಗಿಸುತ್ತದೆ ನಿಜ; ಆದರೆ ಆಸ್ತಮಾ ಇರುವವರಿಗೆ ಉಸಿರು ಕಟ್ಟಿಸಬಲ್ಲದು. ಗುರಿ ಹೊಡೆಯುವ ಆಟಗಳಲ್ಲಿ ಅದಕ್ಕೆ ನಿಷೇಧವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜೊಂಗ್-ಸು ಇದೇ ಔಷಧದಿಂದ ಎರಡು ಪದಕ ಕಳೆದುಕೊಂಡರು. ಗಿಡಮೂಲಿಕೆಯದೆಂದು ನಿಶ್ಚಿಂತರಾಗಬೇಡಿ. ಎಫೆಡ್ರಾ ಗಿಡದ ಎಫೆಡ್ರಿನ್ ಕೂಡ ಡೋಪಿಂಗ್ ಪಟ್ಟಿಯಲ್ಲಿದೆ, ಮೇಲಾಗಿ ಎದೆಬಡಿತವನ್ನು ಇನ್ನಷ್ಟು ಏರಿಸುತ್ತದೆ.

ಮೂರು ಗಂಟೆ ಮೊದಲು ಅಭ್ಯಾಸದ ಹಗುರ ಊಟ ಕೊಡಿ. ಬಿರಿಯಾನಿ ಸಂಜೆಗಿರಲಿ, ಗೆದ್ದರೂ ಸೋತರೂ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಕೆಲವು ವಾರ ಮೊದಲೇ ರೂಢಿ ಮಾಡಿಸಿ. ಮೈದಾನದಲ್ಲಿ ಹೊಸದಾಗಿ ಕಲಿಸಿದರೆ ಕೆಲಸಕ್ಕೆ ಬಾರದು. ಹಿಂದಿನ ರಾತ್ರಿ ನಿದ್ರೆ ಬಾರದಿದ್ದರೆ ಗಾಬರಿ ಬೇಡ. ಆ ವಾರದ ಉಳಿದ ರಾತ್ರಿಗಳಲ್ಲಿ ಚೆನ್ನಾಗಿ ಮಲಗಿದ್ದರೆ ಒಂದು ರಾತ್ರಿಯ ನಷ್ಟವನ್ನು ದೇಹ ತಾಳಿಕೊಳ್ಳುತ್ತದೆ.

ಓಡುವಾಗಲೇ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಅದನ್ನು ಹೆದರಿಕೆ ಎಂದು ತಳ್ಳಿಹಾಕಬೇಡಿ. ಆಟ ನಿಲ್ಲಿಸಿ, ಹೃದಯ ತಜ್ಞರಲ್ಲಿ ಇಸಿಜಿ ಮಾಡಿಸಿ. ಸ್ಪರ್ಧೆ ಮುಗಿದು ವಾರಗಳಾದರೂ ನಿದ್ರೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡಿ.