ದೊಡ್ಡಹುಣಸೆ ಮರದ ಮೂಲಕ ಆನುವಂಶಿಕ ವೈವಿಧ್ಯ: ಒಂದು ಪಾಠ, ಒಂದು ತಿದ್ದುಪಡಿ

ಹಿನ್ನೆಲೆ

ಇಂಟರ್ನ್‌ಶಿಪ್ ಅವಧಿಯಲ್ಲಿ ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯ ಹತ್ತನೇ ತರಗತಿಗೆ ಅನುವಂಶೀಯತೆಯ ಘಟಕವನ್ನು ಬೋಧಿಸಿದೆ. ಬಟಾಣಿ ಗಿಡದ ಪಾಠ ಮುಗಿದ ಮೇಲೆ ಮಕ್ಕಳು ಕಣ್ಣಾರೆ ಕಂಡ ಉದಾಹರಣೆಯೊಂದು ಬೇಕೆನಿಸಿ, ಸವಣೂರಿನ ಮೂರು ದೊಡ್ಡಹುಣಸೆ ಮರಗಳನ್ನು ಆರಿಸಿಕೊಂಡೆ. ಇವು ಬಾವೊಬಾಬ್ ಮರಗಳು. ಇವುಗಳ ತವರು ಆಫ್ರಿಕಾದ ಸವನ್ನಾ ಹುಲ್ಲುಗಾವಲು.

ತವರಿನಲ್ಲಿ ಈ ಮರಗಳಿಗೆ ಸಂಕಟ ಬಂದಿದೆ. ಅತಿ ಹಳೆಯ 13 ಮರಗಳಲ್ಲಿ 9 ಮರಗಳು ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಪೂರ್ತಿಯಾಗಿ ಇಲ್ಲವೇ ಭಾಗಶಃ ಸತ್ತವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಮೇಕೆ, ದನಗಳು ಮೇಯುವುದರಿಂದ ಹಲವೆಡೆ ಸಸಿಗಳೂ ಮೇಲೇಳುತ್ತಿಲ್ಲ. ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಸರ್ರ, ನಮ್ಮ ದೊಡ್ಡಹುಣಸಿ ಬೀಜ ತಂದು ಸಾವಿರ ಸಸಿ ಮಾಡಿದ್ರ ಆತಲ್ರಿ? ಜಾತಿ ಉಳಿತೈತಲ್ರಿ?”

ಸಂಖ್ಯೆ ಹೆಚ್ಚಿದರೆ ವೈವಿಧ್ಯವೂ ಹೆಚ್ಚುತ್ತದೆ ಎಂಬ ಈ ತಪ್ಪು ಕಲ್ಪನೆಯನ್ನು ತಿದ್ದುವುದೇ ನನ್ನ ಪಾಠದ ಉದ್ದೇಶವಾಗಿತ್ತು.

ಚಟುವಟಿಕೆ

ಪ್ರತಿ ಗುಂಪಿಗೂ ಎಂಟು ಬಗೆಯ ಕಾಳು ತುಂಬಿದ ಒಂದು ಮಡಕೆ ಕೊಟ್ಟೆ. ಮಡಕೆ ಎಂದರೆ ಆಫ್ರಿಕಾದ ಮರಸಮೂಹ, ಒಂದೊಂದು ಬಗೆಯ ಕಾಳು ಜೀನಿನ ಒಂದೊಂದು ರೂಪ, ಅಂದರೆ ಆಲೀಲ್. ಕಡಲೆ, ತೊಗರಿ, ಅವರೆಗಳನ್ನು ಹೆಚ್ಚು ಹಾಕಿದ್ದೆ. ಹುರುಳಿ ಎರಡೇ ಕಾಳು. ನಮ್ಮ ಜೀವಕೋಶದಲ್ಲಿ ವರ್ಣತಂತುಗಳು ಎರಡು ಪ್ರತಿಯಲ್ಲಿದ್ದರೆ ಆಫ್ರಿಕಾದ ಬಾವೊಬಾಬ್‌ನಲ್ಲಿ ನಾಲ್ಕು ಪ್ರತಿಯಲ್ಲಿವೆ. ಹಾಗಾಗಿ ಮೂರು ಮರಗಳಿಗೆ 12 ಕಾಳು. ಮಕ್ಕಳು ಕಣ್ಣುಮುಚ್ಚಿ 12 ಕಾಳು ತೆಗೆದು, ಅದೇ ಬಗೆಗಳನ್ನು ಹತ್ತುಪಟ್ಟು ಮಾಡಿ 120ಕ್ಕೆ ಏರಿಸಿದರು.

ಕಾಳು 120 ಆದರೂ ಬಗೆಗಳು ಮೊದಲಿನಷ್ಟೇ ಉಳಿದವು. ಕೆಲವೇ ಜೀವಿಗಳಿಂದ ಹೊಸ ಸಮೂಹ ಹುಟ್ಟಿದಾಗ ವೈವಿಧ್ಯ ಕುಗ್ಗುವ ಈ ಸ್ಥಾಪಕ ಪರಿಣಾಮ ಮಕ್ಕಳಿಗೆ ಬೇಗ ಅರ್ಥವಾಯಿತು. ಸಾವಿರ ಸಸಿಯ ಪ್ರಶ್ನೆಗೆ ಆ ಹುಡುಗನೇ ಉತ್ತರ ಹೇಳಿದ.

ನಾನು ಎಡವಿದ್ದು

ಮೊದಲನೆಯದು ಸಾಮಗ್ರಿಯ ದೋಷ. ಕಣ್ಣುಮುಚ್ಚಿದ್ದರೂ ದಪ್ಪನೆಯ ಅವರೆ ಬೆರಳಿಗೆ ಗೊತ್ತಾಗುತ್ತಿತ್ತು. ಒಂದೇ ಗಾತ್ರದ ಬಣ್ಣದ ಮಣಿಗಳನ್ನು ಬಳಸಬೇಕಿತ್ತು.

ಎರಡನೆಯದು ದೊಡ್ಡ ತಪ್ಪು. ಪಾಠದ ಸಾರವೆಂದು ಕಪ್ಪುಹಲಗೆಯ ಮೇಲೆ “ಆಫ್ರಿಕಾದ್ದು ಮೂಲ, ನಮ್ಮದು ಬಡ ನಕಲು” ಎಂದು ಬರೆದೆ. ಒಂದು ಗುಂಪಿನ ಹುಡುಗಿ ಎದ್ದು ನಿಂತಳು. “ಸರ್ರ, ಹುರುಳಿ ಎರಡೂ ನಮ್ಮ ಪಾಲಿಗೇ ಬಂದಾವ್ರಿ. ಈಗ ಮಡಕಿ ಒಡದ್ರ ಹುರುಳಿ ನಮ್ಮ ಹತ್ರ ಅಷ್ಟೇ ಉಳಿತೈತಲ್ರಿ? ಮತ್ತ ನಕಲು ಹೆಂಗ್ರಿ?”

ನನಗೆ ಉತ್ತರ ತೋಚಲಿಲ್ಲ. “ಅವಧಿ ಮುಗಿಯಿತು, ಕೂತ್ಕೊ” ಎಂದುಬಿಟ್ಟೆ. ಅವಧಿ ಮುಗಿಯಲು ಇನ್ನೂ ಆರು ನಿಮಿಷ ಇತ್ತು. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ “ಪ್ರಶ್ನೆ ಸರಿ ಇತ್ತು” ಎಂದಷ್ಟೇ ಬರೆದಿದ್ದರು.

ಮರುಪಾಠ

ಅಂದು ಸಂಜೆ ಹುಡುಕಿ ಓದಿದೆ. ಭಾರತದ ಬಾವೊಬಾಬ್‌ಗಳನ್ನು ಆಫ್ರಿಕಾದವುಗಳೊಂದಿಗೆ ಹತ್ತು ಡಿಎನ್‌ಎ ಗುರುತುಗಳಲ್ಲಿ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಭಾರತದ ಸಮೂಹಗಳಲ್ಲಿ ವೈವಿಧ್ಯ ಕಡಿಮೆ, ನನ್ನ ಮಡಕೆ ಅಷ್ಟರಮಟ್ಟಿಗೆ ಸರಿ. ಆದರೆ ಆಫ್ರಿಕಾದ ಮಾದರಿಗಳಲ್ಲಿ ಕಾಣದ ಆಲೀಲ್‌ಗಳೂ ಇಲ್ಲಿವೆ. ಮರಗಳು ಬಂದದ್ದು ಒಂದೇ ಸಲವಲ್ಲ, ಬೇರೆ ಬೇರೆ ಕಾಲದಲ್ಲಿ. ಇಲ್ಲಿನವು ಮೊಂಬಾಸಾ–ದಾರ್ ಎಸ್ ಸಲಾಮ್ ಕರಾವಳಿಯ ಮರಗಳಿಗೆ ಹೆಚ್ಚು ಹತ್ತಿರ. ಹುಡುಗಿ ಕೇಳಿದ್ದು ಸರಿಯೇ ಆಗಿತ್ತು.

ಮರುದಿನ ತರಗತಿಯಲ್ಲಿ ಹಿಂದಿನ ದಿನದ ವಾಕ್ಯವನ್ನು ಮತ್ತೆ ಬರೆದು, ಅವಳ ಕೈಯಿಂದಲೇ ಅಳಿಸಿಸಿದೆ. ನಾನು ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡೆ. ಎರಡು ಎಚ್ಚರಿಕೆಗಳನ್ನೂ ಹೇಳಿದೆ: ಆ ಅಧ್ಯಯನ ಭಾರತದ ಸಮೂಹಗಳ ಕುರಿತದ್ದು, ಅದನ್ನು ನೇರವಾಗಿ ಒಂದೂರಿನ ಮೂರು ಮರಗಳಿಗೆ ಅಂಟಿಸಬಾರದು. ಡಿಎನ್‌ಎ ಗುರುತು ಬೇರೆಯಾದ ಮಾತ್ರಕ್ಕೆ ಬರ ತಡೆಯುವಂಥ ಗುಣವೂ ಬೇರೆ ಎಂದರ್ಥವಲ್ಲ.

ಬಳಿಕ ಸಂರಕ್ಷಣೆಯ ಪಟ್ಟಿಯನ್ನು ಮಕ್ಕಳೇ ಮಾಡಿದರು. ಬೀಜವನ್ನು ಒಂದೇ ತಾಯಿಮರದಿಂದಲ್ಲ, ದೂರದೂರದ ಹಲವು ಮರಗಳಿಂದ ಆರಿಸಬೇಕು. ಸಸಿಗೆ ಬೇಲಿ ಬೇಕು. ರಾತ್ರಿ ಅರಳುವ ಹೂವಿನ ಪರಾಗ ಒಯ್ಯುವ ಬಾವಲಿ, ಹಣ್ಣು ತಿಂದು ಬೀಜ ಹರಡುವ ಆನೆ ಉಳಿಯಬೇಕು. ಅವು ಇಲ್ಲದಿದ್ದರೆ ಮಡಕೆಯಿಂದ ಮಡಕೆಗೆ ಕಾಳು ಹೋಗುವುದಿಲ್ಲ. ಕೊನೆಯ ಅಂಶವನ್ನು ಆ ಹುಡುಗಿ ಸೇರಿಸಿದಳು: ಮೂರೇ ಇದ್ದರೂ ಊರ ಮರ ಕಾಯಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ

ಮಾದರಿಯನ್ನು ತರಗತಿಗೆ ಒಯ್ಯುವಾಗ ಅದರಿಂದ ಹೊರಡುವ ಎರಡನೇ ತೀರ್ಮಾನವನ್ನೂ ಪಾಠಯೋಜನೆಯಲ್ಲಿ ಬರೆದುಕೊಳ್ಳಿ. ನನ್ನ ಯೋಜನೆಯಲ್ಲಿ ಹುರುಳಿ ಕಳೆದುಹೋಗುವುದಕ್ಕಷ್ಟೇ ಜಾಗವಿತ್ತು, ಸಿಕ್ಕರೆ ಏನೆಂಬುದಕ್ಕೆ ಇರಲಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ನೋಡಿಕೊಂಡು ಬರುತ್ತೇನೆ” ಎನ್ನಿ. ಉಳಿದ ಆರು ನಿಮಿಷ ಅದಕ್ಕೆ ಸಾಕು.