ಕೊರತೆಯೂ ಒಂದು ದೋಷವೇ

ಬೆಲ್ಲದ ಬಾಗೇವಾಡಿಯು ಹುಕ್ಕೇರಿ ತಾಲ್ಲೂಕಿಗೆ ಸೇರಿದ ಊರು. ಈ ತಾಲ್ಲೂಕಿನಲ್ಲಿ ವಿದ್ಯುತ್ತನ್ನು ಹಂಚುವುದು 1969ರಲ್ಲಿ ಸ್ಥಾಪಿತವಾದ ಒಂದು ಗ್ರಾಮೀಣ ಸಹಕಾರ ಸಂಘ. ವಿದ್ಯುತ್ತನ್ನು ಹಂಚುವ ಯಾವ ಕಚೇರಿಗಾದರೂ ಜನರು ಎರಡು ಬಗೆಯ ಮಾತನ್ನು ತರುತ್ತಾರೆ. “ಓಣಿಯ ದೀಪ ಹತ್ತುತ್ತಿಲ್ಲ” ಎಂಬುದು ದೂರು. “ನಮ್ಮ ಹೊಲದ ಬಾವಿಗೆ ಇನ್ನೂ ತಂತಿಯೇ ಬಂದಿಲ್ಲ” ಎಂಬುದು ಅರ್ಜಿ. ಮೊದಲನೆಯದರಲ್ಲಿ ಇದ್ದುದು ಕೆಟ್ಟಿದೆ; ಎರಡನೆಯದರಲ್ಲಿ ಬೇಕಾದುದು ಇಲ್ಲ. ಇವೆರಡನ್ನೂ ಒಂದೇ ಪುಸ್ತಕದಲ್ಲಿ ದಾಖಲಿಸಬಹುದೆ? ಗಣಕಯಂತ್ರಗಳಿಗೆ ತಂತ್ರಾಂಶವನ್ನು ಒದಗಿಸುವ ‘ಡೆಬಿಯನ್’ ಸಂಘಟನೆಯು ಹಾಗೆಯೇ ಮಾಡುತ್ತಿದೆ. ಅದರ ಕ್ರಮವನ್ನು ಈಗ ನೋಡೋಣ.

ಡೆಬಿಯನ್ನನ್ನು 1993ರಲ್ಲಿ ಇಯಾನ್ ಮರ್ಡಾಕ್ ಪ್ರಾರಂಭಿಸಿದನು. ಅದನ್ನು ನಡೆಸುವವರು ಹಲವು ದೇಶಗಳ ಸ್ವಯಂಸೇವಕರು. ಒಂದು ತಂತ್ರಾಂಶವನ್ನು, ಅದನ್ನು ಯಂತ್ರದಲ್ಲಿ ನೆಲೆಗೊಳಿಸಲು ಬೇಕಾದ ಸೂಚನೆಗಳೊಡನೆ ಕಟ್ಟಿಟ್ಟರೆ ಅದು ‘ಪ್ಯಾಕೇಜು’. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ನಿನ 13ನೆಯ ಆವೃತ್ತಿಯಲ್ಲಿ 69,830 ಪ್ಯಾಕೇಜುಗಳಿದ್ದುವು. ಒಬ್ಬರ ಮುಖವನ್ನೊಬ್ಬರು ಕಾಣದ ಜನರು ಇಷ್ಟು ದೊಡ್ಡ ಭಂಡಾರವನ್ನು ಗೊಂದಲವಿಲ್ಲದೆ ಕಾಯುವುದು ಹೇಗೆ?

ಇದಕ್ಕೆ ಮುಖ್ಯ ಸಾಧನ ‘ಬಗ್ ಟ್ರ್ಯಾಕರ್’, ಎಂದರೆ ದೋಷಗಳ ದಾಖಲೆ. ಪ್ರತಿಯೊಂದು ದೂರಿಗೂ ಒಂದು ಸಂಖ್ಯೆ ಸಿಗುತ್ತದೆ. ಆ ದೂರಿನ ಬಗೆಗೆ ಯಾರು ಏನು ಬರೆದರೂ ಅದೆಲ್ಲವೂ ಆ ಸಂಖ್ಯೆಯ ಕೆಳಗೆ ಕೂಡಿಕೊಳ್ಳುತ್ತದೆ. ಯಾರು ಬೇಕಾದರೂ ಓದಬಹುದು.

ಆದರೆ ಇಲ್ಲೊಂದು ತೊಡಕುಂಟು. ದೂರನ್ನು ಯಾವುದಾದರೊಂದು ಪ್ಯಾಕೇಜಿನ ಹೆಸರಿನಲ್ಲಿ ಬರೆಯಬೇಕು. ಇನ್ನೂ ಹುಟ್ಟದಿರುವ ಪ್ಯಾಕೇಜಿನ ಮೇಲೆ ದೂರು ಬರೆಯುವುದೆಂತು? ಇದಕ್ಕಾಗಿ ‘ಡಬ್ಲ್ಯು.ಎನ್.ಪಿ.ಪಿ.’ ಎಂಬ ಕಲ್ಪಿತ ಪ್ಯಾಕೇಜೊಂದನ್ನು ಇಟ್ಟುಕೊಂಡಿದ್ದಾರೆ. “ಈ ತಂತ್ರಾಂಶ ಬೇಕು, ಯಾರಾದರೂ ಕಟ್ಟಿಕೊಡಿ” ಎಂಬ ಕೋರಿಕೆಗೆ ‘ಆರ್.ಎಫ್.ಪಿ.’ ಎಂದೂ, “ಇದನ್ನು ನಾನು ಕಟ್ಟುತ್ತೇನೆ” ಎಂಬ ಸಂಕಲ್ಪಕ್ಕೆ ‘ಐ.ಟಿ.ಪಿ.’ ಎಂದೂ ಹೆಸರು. ಹೀಗೆ ಕೊರತೆಯೂ ಸಂಖ್ಯೆಯನ್ನು ಪಡೆದ ಒಂದು ದೋಷವಾಗುತ್ತದೆ.

ಒಂದು ಉದಾಹರಣೆ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲಿವೆ. ಮತ್ತೊಂದು ಹೊಸ ಕನ್ನಡ ಫಾಂಟನ್ನು ಅಲ್ಲಿಗೆ ಸೇರಿಸಬೇಕೆಂದು ಬಾಗೇವಾಡಿಯ ವಿದ್ಯಾರ್ಥಿನಿಯೊಬ್ಬಳು ಬಯಸಿದಳೆನ್ನೋಣ. ಇದೇ ಕೆಲಸವನ್ನು ಬೇರೆಯವರು ಕೈಗೊಂಡಿದ್ದಾರೆಯೇ ಎಂದು ಅವಳು ಮೊದಲು ದಾಖಲೆಯಲ್ಲಿ ಹುಡುಕಬೇಕು. ಇಲ್ಲವಾದರೆ ಫಾಂಟಿನ ಹೆಸರು, ಆವೃತ್ತಿ, ಕರ್ತೃ, ಪರವಾನಗಿ, ಸಂಕ್ಷಿಪ್ತ ವಿವರಣೆ ಇವಿಷ್ಟನ್ನು ಬರೆದು ಸಂಕಲ್ಪವನ್ನು ದಾಖಲಿಸಬೇಕು. ಅದನ್ನು ಓದಿದವರು ಆಕ್ಷೇಪಗಳನ್ನು ಅಲ್ಲಿಯೇ ಎತ್ತುತ್ತಾರೆ. ಭಂಡಾರಕ್ಕೆ ನೇರವಾಗಿ ಕಳುಹಿಸುವ ಅಧಿಕಾರ ಅವಳಿಗಿಲ್ಲದುದರಿಂದ, ಅಧಿಕಾರವುಳ್ಳ ಸದಸ್ಯನೊಬ್ಬನು ಅವಳ ಕೆಲಸವನ್ನು ಪರೀಕ್ಷಿಸಿ ಕಳುಹಿಸಬೇಕು. ಬಳಿಕ ಭಂಡಾರದ ಮೇಲ್ವಿಚಾರಕರು ಪರವಾನಗಿಯನ್ನು ವಿಶೇಷವಾಗಿ ಪರಿಶೀಲಿಸುತ್ತಾರೆ. ಹಂಚಲು ಅನುಮತಿಯಿಲ್ಲದ ಫಾಂಟು ಎಷ್ಟೇ ಸುಂದರವಾಗಿದ್ದರೂ ಒಳಗೆ ಬರುವಂತಿಲ್ಲ. ಪ್ಯಾಕೇಜಿನ ಬದಲಾವಣೆಗಳ ಪಟ್ಟಿಯಲ್ಲಿ ಆ ದೋಷದ ಸಂಖ್ಯೆಯನ್ನು ಬರೆದಿರುತ್ತಾರೆ. ಪ್ಯಾಕೇಜು ಅಂಗೀಕೃತವಾದೊಡನೆ ದೋಷವು ತಾನಾಗಿ ಮುಕ್ತಾಯವಾಗುತ್ತದೆ.

ಇದೇ ತತ್ತ್ವವನ್ನು ‘ಫೆಡೋರಾ’ ಸಂಘಟನೆಯು ‘ಬಗ್‌ಜಿಲ್ಲಾ’ ಎಂಬ ದಾಖಲೆಯಲ್ಲಿ ಅನುಸರಿಸಿದೆ. ಅಲ್ಲಿ ಪ್ಯಾಕೇಜು ತಂದವನೇ ಅದರ ಪರೀಕ್ಷಕನಾಗಲಾರನು. ಪರೀಕ್ಷೆ ನಡೆಯುತ್ತಿರುವಾಗ ಪ್ರಶ್ನಾರ್ಥಕ ಚಿಹ್ನೆಯನ್ನೂ, ಒಪ್ಪಿಗೆಯಾದಾಗ ಕೂಡುವ ಚಿಹ್ನೆಯನ್ನೂ ಹಾಕುತ್ತಾರೆ.

ಈ ಕ್ರಮಕ್ಕೆ ಮಿತಿಗಳೂ ಉಂಟು. ಸಂಕಲ್ಪವು ಕಾರ್ಯವಲ್ಲ. ಹೊಣೆ ಹೊತ್ತವರು ಬಹುಕಾಲ ಸುಮ್ಮನಿದ್ದರೆ ದಾಖಲೆಯ ಶೀರ್ಷಿಕೆಯನ್ನು ಬದಲಿಸಿ ಅದನ್ನು ಮತ್ತೆ ‘ಕೋರಿಕೆ’ಯಾಗಿಸುತ್ತಾರೆ, ಆಗ ಇನ್ನೊಬ್ಬರು ಅದನ್ನು ಕೈಗೆತ್ತಿಕೊಳ್ಳಬಹುದು. ಬಾಗಿಲಿನ ಪರೀಕ್ಷೆಯೊಂದೇ ಸಾಲದೆಂಬುದನ್ನೂ ಮರೆಯಲಾಗದು. ಬಹುಕಾಲದಿಂದ ಬಳಕೆಯಲ್ಲಿದ್ದ ‘ಎಕ್ಸ್.ಜಡ್.’ ಎಂಬ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಗುಪ್ತದ್ವಾರವೊಂದನ್ನು ಅಡಗಿಸಿದ್ದುದು 2024ರ ಮಾರ್ಚಿನಲ್ಲಿ ಪತ್ತೆಯಾಯಿತು. ಒಮ್ಮೆ ಒಳಗೆ ಬಂದುದನ್ನೂ ಕಾಯುತ್ತಲೇ ಇರಬೇಕು. ಅದಕ್ಕಾಗಿಯೇ ದೋಷಗಳ ದಾಖಲೆ ಎಂದೆಂದಿಗೂ ತೆರೆದಿರುತ್ತದೆ.

ಅಭ್ಯಾಸ: ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಇಂತಹ ಒಂದು ದಾಖಲೆಯನ್ನು ರಚಿಸಿರಿ. ಹರಿದ ಪುಸ್ತಕಕ್ಕೂ ಬೇಕಾಗಿರುವ ಹೊಸ ಪುಸ್ತಕಕ್ಕೂ ಸಂಖ್ಯೆ ಕೊಡಿರಿ. ಪ್ರತಿಯೊಂದರ ಹೊಣೆ ಯಾರದು? ಯಾವ ಸಾಕ್ಷ್ಯ ದೊರೆತಾಗ ಅದನ್ನು ಮುಕ್ತಾಯಗೊಳಿಸಬಹುದು? ಆಲೋಚಿಸಿರಿ.